ಟಿಫಿನ್ ಡಬ್ಬಿಯಲ್ಲಿ ಹೋದ ಕಾಯಿಲ್

ಎಂಜಿನ್ ತಿರುಗುತ್ತಿರುವಾಗ ಬೆಳಕಿಗಾಗಿ ಬ್ಯಾಟರಿಯ ಮುಂದೆ ಕೈಚಾಚುವುದು ನನಗೆ ಸರಿಬರುವುದಿಲ್ಲ. ಮಗಳು ತಿರುವನಂತಪುರದಿಂದ ಫೋನ್ ಮಾಡಿ ತಮ್ಮ ಗೋ-ಕಾರ್ಟಿನ ಕಥೆ ಹೇಳಿದಾಗ ನಾನು ಮೊದಲು ಹೇಳಿದ್ದೇ ಅದನ್ನು.

ಅವಳು ಅಲ್ಲಿ ಮೂರನೇ ವರ್ಷದ ಎಂಜಿನಿಯರಿಂಗ್. ಐದು ಹುಡುಗಿಯರು ಸೇರಿ ಪೈಪು ಬೆಸೆದು, ನೀರೆತ್ತುವ ಪಂಪಿನಲ್ಲಿರುವಂಥ ಸಣ್ಣ ಪೆಟ್ರೋಲ್ ಎಂಜಿನ್ ಕೂರಿಸಿ, ನೆಲಕ್ಕಿಂತ ಒಂದು ಗೇಣು ಮೇಲೆ ಓಡುವ ಗಾಡಿ ಮಾಡಿದ್ದರು. ಸ್ಪರ್ಧೆಯಲ್ಲಿ ಎರಡು ಗಂಟೆಯ ಓಟ. ಮುಂದಿನ ದೀಪ, ಬ್ರೇಕ್ ದೀಪ ಕೊನೆಯವರೆಗೂ ಉರಿಯಬೇಕು. ಆದರೆ ಆ ಎಂಜಿನ್ನಿಗೆ ಹಗ್ಗ ಎಳೆದರೆ ಸ್ಟಾರ್ಟ್, ಅಷ್ಟೇ. ಬ್ಯಾಟರಿ ಚಾರ್ಜ್ ಮಾಡುವ ವ್ಯವಸ್ಥೆಯಿಲ್ಲ. ಅವರ ಪುಟ್ಟ ಬ್ಯಾಟರಿ ಒಂದು ಗಂಟೆಗೇ ಸುಸ್ತು. ದೊಡ್ಡದು ಹಾಕಿದರೆ ಗಾಡಿ ಭಾರ. ಶನಿವಾರ ನಾಲ್ಕು ಗಂಟೆಯೊಳಗೆ ದೀಪ ಸರಿಯಾಗದಿದ್ದರೆ ಸ್ಪರ್ಧೆಯಿಂದ ಹೆಸರು ಹಿಂತೆಗೆದುಕೊಳ್ಳುವುದೇ ಎಂದು ಅವರ ಮೇಷ್ಟ್ರು ಹೇಳಿಬಿಟ್ಟಿದ್ದರು. ಒಂದು ವರ್ಷದ ಕೆಲಸ ಶೆಡ್ಡಿನಲ್ಲೇ ಉಳಿದುಹೋಗುತ್ತಿತ್ತು.

"ಎಂಜಿನ್ ಜೊತೆ ತಿರುಗುವ ಫ್ಲೈವ್ಹೀಲ್ ಚಕ್ರ ಬಿಚ್ಚಿ ಒಳಬದಿಗೆ ಸ್ಕ್ರೂಡ್ರೈವರ್ ತಾಗಿಸಿ ನೋಡು, ಹಿಡೀತದಾ ಅಂತ," ಎಂದೆ.

ಸಂಜೆ ಮತ್ತೆ ಫೋನು. "ಒಟ್ಟಿ ಅಪ್ಪಾ, ಒಟ್ಟಿ!" ಅಂಟಿತು ಎಂದು ಮಲಯಾಳದಲ್ಲಿ ಕೂಗಿದಳು. ಅವಳು ಹಾಗೆಯೇ. ನಾನು ಕಾಸರಗೋಡಿನ ಕನ್ನಡದಲ್ಲಿ ಕೇಳುತ್ತೇನೆ, ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಹುಟ್ಟಿ ಬೆಳೆದದ್ದು ಕೊಚ್ಚಿಯಲ್ಲಿ, ಏನು ಮಾಡುವುದು.

ಒಳಗೆ ಆಯಸ್ಕಾಂತ ಇದೆಯೆಂದರೆ ತಂತಿ ಸುತ್ತಿದ ಕಾಯಿಲ್ ಕೂರಿಸಲು ಜಾಗವೂ ಇರುತ್ತದೆ. ಆಯಸ್ಕಾಂತ ಅದರ ಸುತ್ತ ತಿರುಗಿದರೆ ಕರೆಂಟು ಹುಟ್ಟುತ್ತದೆ. ಅವಳು ಅಳತೆ ಕಳಿಸಿದಳು. ನಾನು ಕಾಯಿಲ್ ಕಟ್ಟಿದೆ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೊಚ್ಚಿಗೆ ಬಂದು ಒಂದು ಅಂಗಡಿಯಲ್ಲಿ ಸ್ಕೂಟರಿನ ಕಾಯಿಲ್ ಕಟ್ಟಲು ಕಲಿತೆ. ಈಗ ಸ್ವಂತ ಅಂಗಡಿಯಿದೆ. ವಲ್ಲಾರ್ಪಾಡದ ಬಂದರಿನ ಕಂಟೈನರ್ ಟ್ರೈಲರುಗಳು ದೀಪ ಕೆಟ್ಟರೆ ನನ್ನ ಬಾಗಿಲಿಗೇ ಬರುತ್ತವೆ. ಕನ್ನಡದವರು ಸೇರುವ ಕಡೆ ಹೆಚ್ಚಿನವರು ಬ್ಯಾಂಕಿನವರು. "ತಾವು ಎಲ್ಲಿಯವರೆಗೆ ಓದಿದ್ದು?" ಎಂದು ಯಾರಾದರೂ ಕೇಳಿದರೆ "ಎಂಟು" ಎಂದು ಪಕ್ಕದ ಕುರ್ಚಿಗೂ ಕೇಳುವ ಹಾಗೆ ಹೇಳುತ್ತೇನೆ.

ಶನಿವಾರ ಬೆಳಗಿನ ರೈಲಿಗೆ ಹೊರಟಾಗ ಹೆಂಡತಿ ಎರಡು ಅಂತಸ್ತಿನ ಟಿಫಿನ್ ಡಬ್ಬಿ ಕೈಗೆ ಕೊಟ್ಟಳು.

"ಮೇಲಿನದ್ರಲ್ಲಿ ಮಕ್ಕಳಿಗೆ ಪತ್ರೊಡೆ, ಕೆಳಗಿನದ್ರಲ್ಲಿ ನಿಮ್ಮ ತಂತಿ. ಅದಲುಬದಲು ಮಾಡಿ ಎಂಜಿನ್ನಿಗೆ ಪತ್ರೊಡೆ ತುರುಕ್ಬೇಡಿ ಮತ್ತೆ."

ತಿರುವನಂತಪುರದ ತಂಪಾನೂರು ಸ್ಟೇಷನ್ನಿನಲ್ಲಿ ಮಗಳು ಕಾಯುತ್ತಿದ್ದಳು. ಕಾಲೇಜಿನ ಶೆಡ್ಡಿಗೆ ಹೋದಾಗ ಹನ್ನೊಂದೂವರೆ. ಮೇಷ್ಟ್ರು ನನಗಿಂತ ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತಿನವರು. ವೈರಿಂಗಿನ ನಕ್ಷೆ ಬರೆದಿಟ್ಟಿದ್ದರು. "ಚೇಟ್ಟಾ, ಇದನ್ನೊಮ್ಮೆ ನೋಡಿ," ಎಂದು ಅಣ್ಣನನ್ನು ಕರೆಯುವ ಹಾಗೆ ಕರೆದು ಹಾಳೆ ಮುಂದೆ ಹಿಡಿದರು.

"ಬೇಡ ಸಾರ್. ನನ್ನ ಕೈಗೆ ಗೊತ್ತುಂಟು," ಎಂದೆ.

ಹಾಳೆಯ ಮೇಲೆ ಹುಡುಗಿಯರು ಪತ್ರೊಡೆ ಬಡಿಸಿಕೊಂಡರು.

ಕಾಯಿಲ್ ಕೂರಿಸಿ, ಎರಡು ತಂತಿ ಹೊರತಂದು ಕರೆಂಟನ್ನು ಬ್ಯಾಟರಿಗೆ ಹದ ಮಾಡುವ ರೆಗ್ಯುಲೇಟರಿಗೆ ಕೊಟ್ಟು, ಅಲ್ಲಿಂದ ಬ್ಯಾಟರಿಗೆ ಜೋಡಿಸಿ ಹಗ್ಗ ಎಳೆಸಿದೆ. ಎಂಜಿನ್ ಎದ್ದಿತು. ದೀಪವೂ ಹತ್ತಿತು, ಆದರೆ ಜ್ವರ ಬಂದವರ ಕಣ್ಣಿನ ಹಾಗೆ. ಮೀಟರ್ ಹಿಡಿದರೆ ಬ್ಯಾಟರಿ ಏರುವ ಬದಲು ಇಳಿಯುತ್ತಿತ್ತು. ರೆಗ್ಯುಲೇಟರ್ ಮುಟ್ಟಲಾಗದಷ್ಟು ಬಿಸಿ.

"ಪೀಸ್ ಸರಿಯಿಲ್ಲ," ಎಂದು ಜೊತೆಗೆ ತಂದಿದ್ದ ಇನ್ನೊಂದನ್ನು ಹಾಕಿದೆ. ಅದೂ ಹಾಗೆಯೇ ಕಾದಿತು. ಮೂರು ಗಂಟೆಯಾಯಿತು. ಮೇಷ್ಟ್ರು ಗಡಿಯಾರ ನೋಡುವುದನ್ನು ನನ್ನಿಂದ ಮರೆಮಾಡುತ್ತಿದ್ದರು.

ಎಂಜಿನ್ ನಿಲ್ಲಿಸಿ, ನಾನು ಬ್ಯಾಟರಿಯ ಕಡೆ ಬಗ್ಗಿದ್ದಾಗ ಮಗಳು ಕಾಯಿಲಿನ ತಂತಿಗಳನ್ನು ಕಳಚಿ, ಮೀಟರಿನ ಒಂದು ಮೊನೆಯನ್ನು ಅವುಗಳಲ್ಲೊಂದಕ್ಕೂ ಇನ್ನೊಂದನ್ನು ಎಂಜಿನ್ನಿನ ಕಬ್ಬಿಣಕ್ಕೂ ಹಿಡಿದಳು. ಎರಡೂ ತಾಗಿಕೊಂಡಿವೆ ಎಂದು ಮೀಟರ್ ಕೀಂ ಎಂದಿತು. ನನ್ನ ಮುಖ ನೋಡಿದಳು. ಮತ್ತೆ, ಅಪರೂಪಕ್ಕೆ, ಮೆಲ್ಲಗೆ, ಕನ್ನಡದಲ್ಲಿ ಹೇಳಿದಳು:

"ಅಪ್ಪ, ಕಾಯಿಲಿನ ಒಂದು ತುದಿ ಎಂಜಿನ್ನಿನ ಬಾಡಿಗೆ ತಾಗ್ತಾ ಉಂಟು. ಸುಮ್ನೆ ಚೆಕ್ ಮಾಡ್ಲಿಕ್ಕೆ ಅಂತ ಹೇಳಿ ಬಿಚ್ಚಿ. ನಾನು ಯಾರಿಗೂ ಹೇಳುದಿಲ್ಲ."

ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ಹಳೆಯ ಸ್ಕೂಟರುಗಳಲ್ಲಿ ಕಾಯಿಲಿನಿಂದ ನೇರ ಬಲ್ಬಿಗೆ ಕರೆಂಟು. ಒಂದು ತುದಿಯನ್ನು ಕಬ್ಬಿಣಕ್ಕೆ ಬೆಸೆಯುವುದೇ ಪದ್ಧತಿ. ಸಾವಿರಾರು ಬೆಸೆದಿದ್ದೇನೆ. ಇಲ್ಲಿಯೂ ತಂತಿ ಹೊರತರುವ ಮೊದಲು ಕೈ ತಾನಾಗಿ ಬೆಸೆದುಬಿಟ್ಟಿತ್ತು. ಆದರೆ ಇಲ್ಲಿ ಬ್ಯಾಟರಿಯ ನೆಗೆಟಿವ್ ಕೂಡ ಬಾಡಿಗೇ. ಈ ರೆಗ್ಯುಲೇಟರಿಗೆ ಕಾಯಿಲಿನ ಎರಡೂ ತುದಿ ಬಿಡಿಯಾಗಿ ಬೇಕು. ಇಲ್ಲದಿದ್ದರೆ ಅರ್ಧ ಕರೆಂಟು ಅದರೊಳಗೇ ಸುತ್ತಿ ಬಿಸಿಯಾಗಿ ಹೋಗುತ್ತದೆ. ಮೇಷ್ಟ್ರ ಹಾಳೆಯಲ್ಲಿ ಅದೇ ಇದ್ದಿರಬೇಕು.

ನನ್ನ ಮರ್ಯಾದೆ ಕಾಯಲು ಮಗಳು ಒಂದು ದಾರಿ ಬಿಟ್ಟುಕೊಟ್ಟಿದ್ದಳು. ಆ ದಾರಿಯಲ್ಲಿ ಹೋದರೆ ನಾನೊಬ್ಬನೇ ನಟಿಸುತ್ತಾ ನಿಧಾನ ಬಿಚ್ಚಬೇಕು. ನಾಲ್ಕು ಗಂಟೆ ದಾಟುತ್ತದೆ. ಆಮೇಲೆ ನನ್ನ ಮರ್ಯಾದೆ ಇಟ್ಟುಕೊಂಡು ಆ ಗಾಡಿ ಓಡುತ್ತದೆಯೇ?

ಎದ್ದು ನಿಂತು ಮಲಯಾಳದಲ್ಲಿ ಗಟ್ಟಿಯಾಗಿ ಹೇಳಿದೆ: "ತಪ್ಪು ನನ್ನದು. ಎಂಜಿನ್ ಬಾಡಿಗೆ ಬೆಸೆಯಬಾರದ ತುದಿಯನ್ನು ಬೆಸೆದಿದ್ದೇನೆ. ಕಂಡುಹಿಡಿದದ್ದು ಇವಳು. ಎಲ್ಲರೂ ಕೈ ಹಾಕಿ, ಫ್ಲೈವ್ಹೀಲ್ ಬಿಚ್ಚಬೇಕು."

ಮೇಷ್ಟ್ರು ಅಂಗಿಯ ತೋಳು ಮಡಚಿದರು. "ಚೇಟ್ಟಾ, ನನ್ನ ನಕ್ಷೆ ಅಲ್ಲಿದೆ, ಪತ್ರೊಡೆಯ ಅಡಿಯಲ್ಲಿ. ಈಗಲಾದರೂ ನೋಡುತ್ತೀರೋ?"

"ಕೈ ತೊಳೆದು ನೋಡ್ತೇನೆ ಸಾರ್. ಮೊದಲು ಚಕ್ರ ಎಳೆಯುವ ಆ ಪುಲ್ಲರ್ ಹಿಡೀರಿ."

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಒಬ್ಬಳು ಬೋಲ್ಟ್ ತೆಗೆದಳು, ಒಬ್ಬಳು ಬೆಸುಗೆ ಕಡ್ಡಿ ಕಾಯಿಸಿದಳು. ನಾನು ಆ ತುದಿಯನ್ನು ಕಬ್ಬಿಣದಿಂದ ಬಿಡಿಸಿ, ಮತ್ತೆ ತಾಗದ ಹಾಗೆ ಪ್ಲಾಸ್ಟಿಕ್ ಸ್ಲೀವ್ ತೊಡಿಸಿದೆ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮಗಳೇ ಹಗ್ಗ ಎಳೆದಳು. ದೀಪ ಬೆಳ್ಳಗೆ ಹತ್ತಿತು. ಎಂಜಿನ್ ನಿಧಾನ ತಿರುಗುತ್ತಿದ್ದರೂ ಮೀಟರ್ ಹದಿಮೂರೂವರೆ ವೋಲ್ಟ್ ಮುಟ್ಟಿ ಏರುತ್ತಲೇ ಇತ್ತು. ರೆಗ್ಯುಲೇಟರ್ ಮೇಲೆ ಅಂಗೈ ಇಟ್ಟೆ, ಬೆಚ್ಚಗಿತ್ತು ಅಷ್ಟೇ. ಮೇಷ್ಟ್ರು ಸಹಿ ಹಾಕಿದ ಸ್ಪರ್ಧೆಯ ಅರ್ಜಿಯ ಮೂಲೆಯಲ್ಲಿ ಅವರ ಹೆಬ್ಬೆರಳಿನ ಗ್ರೀಸೂ ಉಳಿಯಿತು.

ತಂಪಾನೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಮತ್ತೆ ಮಲಯಾಳಕ್ಕೆ ಹೋಗಿದ್ದಳು. "ನಾನು ಯಾರಿಗೂ ಹೇಳುವುದಿಲ್ಲ ಅಂದಿದ್ದೆನಲ್ಲ, ಮತ್ತೆ ನೀವು ಯಾಕೆ ಎಲ್ಲರೆದುರು ಹೇಳಿದಿರಿ?" ಎಂದು ಕೇಳಿದಳು.

"ಕಾಯಿಲ್ ಹೇಗಿತ್ತು?" ಎಂದೆ.

"ಸೂಪರ್."

"ಅದನ್ನು ಕಟ್ಟಿದ್ದು ನಾನು ಅಂತ ಹೇಳ್ಕೊಳ್ಬೇಕಾದ್ರೆ, ಬೆಸೆದದ್ದೂ ನಾನೇ ಅಂತ ಹೇಳ್ಬೇಕಲ್ಲ ಮಾರಾಯ್ತಿ."

ಮೇಷ್ಟ್ರ ಹಾಳೆ ಈಗ ನನ್ನ ಅಂಗಡಿಯ ಗೋಡೆಯಲ್ಲಿದೆ. ಪತ್ರೊಡೆಯ ಎಣ್ಣೆಕಲೆ ಹಾಗೆಯೇ ಇದೆ. ಕಾಯಿಲಿನಿಂದ ಬಿಡಿಬಿಡಿಯಾಗಿ ಹೊರಡುವ ಎರಡು ತಂತಿಗಳ ಗೆರೆ ಮಾತ್ರ ಚೆನ್ನಾಗಿ ಕಾಣುತ್ತದೆ.