ಭಜನೆಯ ಮಟ್ಟಿನ ತವರುಮನೆ

ಮಕ್ಕಳೇ, ನಿಮ್ಮ ಟೇಪಿನಲ್ಲಿ ಹೊಸ ಹುಡುಗನೊಬ್ಬ ಹಳೆಯ ಹಾಡನ್ನು ಮತ್ತೆ ಹಾಡಿದ್ದಾನೆಂದು ಮೊನ್ನೆ ಜಗಳವಾಡುತ್ತಿದ್ದಿರಿ. ಕದ್ದ ಎಂದು ಒಬ್ಬರು; ಅವನಿಂದಲೇ ಹಳಬರು ಯಾರೆಂದು ತಿಳಿಯಿತಲ್ಲ ಎಂದು ಇನ್ನೊಬ್ಬರು. ನಾನು ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡೆ. ಬಾಯಲ್ಲಿ ಹೇಳಲು ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ. ಅಂಥ ಹಾಡೊಂದು ನನ್ನ ಮದುವೆಯನ್ನೇ ತಪ್ಪಿಸುವುದರಲ್ಲಿತ್ತು.

ಸ್ವಾತಂತ್ರ್ಯ ಬರುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಹನಕೆರೆ ಮಗ್ಗುಲಿನ ನಮ್ಮೂರಿನ ಭಜನೆಮನೆಯಲ್ಲಿ ಹಾರ್ಮೋನಿಯಂ ಮೇಷ್ಟ್ರು ನನಗೆ ರಾಮನ ಹಾಡೊಂದನ್ನು ಕಲಿಸಿದ್ದರು. ಮಂಡ್ಯಕ್ಕೆ ಹೋಗಿ ನಾಟಕ ನೋಡುವುದು, ಮಟ್ಟನ್ನು ಅಲ್ಲಿಂದ ತಂದು ಮಾತನ್ನು ದೇವರಿಗೆ ಬದಲಾಯಿಸುವುದು ಅವರ ಪದ್ಧತಿ. ದೇವರು ಆಕ್ಷೇಪಿಸಿದ್ದನ್ನು ಯಾರೂ ಕೇಳಿಲ್ಲ. ನಾಟಕವನ್ನೇ ನೋಡದ ನನಗೆ ಇದು ಗೊತ್ತಿರಲಿಲ್ಲ.

ಮಳವಳ್ಳಿ ಕಡೆಯಿಂದ ನಿಮ್ಮ ತಾತನ ತಾಯಿ, ಚಿಕ್ಕಪ್ಪ, ಅಜ್ಜಿ ಹೆಣ್ಣು ನೋಡಲು ಬಂದರು. ಅದಕ್ಕೆ ಮೊದಲು ಬಂದಿದ್ದ ಎರಡು ಕಡೆಯವರು ನನ್ನನ್ನು ಮೂಗಿಯೆಂದು ಬಿಟ್ಟುಹೋಗಿದ್ದರು. ಈ ಸಲವಾದರೂ ಬಾಯಿ ಬಿಡೆಂದು ಅಪ್ಪ ಬೇಡಿಕೊಂಡಿದ್ದ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ರಾಮನನ್ನು ಕರೆದೆ. ಪಲ್ಲವಿ ಮುಗಿಯುವುದರೊಳಗೆ ನಾಟಕದ ಹುಚ್ಚಿನ ಚಿಕ್ಕಪ್ಪ ತೊಡೆ ತಟ್ಟಿ ಮುಂದಿನ ಸಾಲನ್ನು ತಾವೇ ಎತ್ತಿಕೊಂಡರು. ಅವರ ಸಾಲಿನಲ್ಲಿ ರಾಮನಿರಲಿಲ್ಲ. ವಯ್ಯಾರಿಯೊಬ್ಬಳು ರಾಜನನ್ನು ಮಂಚಕ್ಕೆ ಕರೆಯುತ್ತಿದ್ದಳು.

ನಿಮ್ಮ ತಾತನ ತಾಯಿ ಬೆಲ್ಲದ ಕಾಫಿಯ ಲೋಟ ಕೆಳಗಿಟ್ಟರು. "ಈ ನಾಟ್ಕದ ಪದವ ಯಾರವ್ವ ನಿಂಗೆ ಕಲ್ಸಿದ್ದು?" ಎಂದರು. ಮೂಗಿಯಾಗಿದ್ದುದೇ ಮೇಲಿತ್ತು ಎಂಬಂತಿತ್ತು, ಬಾಗಿಲ ಸಂದಿಯಲ್ಲಿ ಕಂಡ ಅಪ್ಪನ ಮುಖ.

ಮೂಲೆಯಲ್ಲಿದ್ದ ಅಜ್ಜಿ ತಮ್ಮ ಮಗನಿಗೆ, ಅದೇ ಆ ಚಿಕ್ಕಪ್ಪನಿಗೆ, ಅಂದರು: "ಸುಮ್ಕಿರ್ಲಾ, ನಾಟ್ಕದೋರ್ದಂತೆ. ಅದು ನಾನು ರಾಗಿ ಬೀಸೋ ಪದ ಕಣ್ಲಾ. ನಿನ್ನ ನನ್ ತೊಡೆ ಮ್ಯಾಲೆ ಮನಗುಸ್ಕಂಡು ಇದ್ನೇ ಯೋಳ್ತಿದ್ದೆ."

ಹಿಂದೆ ಮಳವಳ್ಳಿಯಲ್ಲಿ ನಾಟಕದವರು ಬಿಡಾರ ಹೂಡಿದ್ದಾಗ ಅವರ ಹಾರ್ಮೋನಿಯಂನವನು ಬೆಳಗಾಗೆದ್ದು ಮಜ್ಜಿಗೆಯ ನೆಪದಲ್ಲಿ ಅಜ್ಜಿ ರಾಗಿ ಬೀಸುವ ಹೊತ್ತಿಗೇ ಇವರ ಜಗಲಿಗೆ ಬಂದು ಕೂರುತ್ತಿದ್ದನಂತೆ. ಒಂದು ಲೋಟ ಮಜ್ಜಿಗೆಗೆ ಅಷ್ಟು ಹೊತ್ತು ಯಾಕೆಂದು ಅಜ್ಜಿಗೆ ಈಗ ತಿಳಿಯಿತು.

ಅಷ್ಟಕ್ಕೇ ಬಿಡದೆ ಅವರು ಎದ್ದು ಒಳಗೆ ಬಂದು ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತು, ಎದುರಿಗೆ ನನ್ನನ್ನು ಕೂರಿಸಿಕೊಂಡರು. ಒಂದೇ ಗೂಟಕ್ಕೆ ಇಬ್ಬರ ಕೈ. ಅವರದೊಂದು ಸಾಲು ರಾಗಿಗೆ, ನನ್ನದೊಂದು ಸಾಲು ರಾಮನಿಗೆ. ನಮ್ಮೂರಿನ ಬೀಸುವ ಪದದ ಮಟ್ಟು ಬೇರೆ. ಆದರೂ ಕಲ್ಲು ಸಲೀಸಾಗಿ ತಿರುಗಿತು. ಎರಡನೇ ಸಾಲಿನಲ್ಲಿ ಉಸಿರು ನಿಲ್ಲಿಸು ಎಂದು ಮೇಷ್ಟ್ರು ನನ್ನನ್ನು ಎಷ್ಟೋ ಸಲ ಗದರಿದ್ದರು. ಯಾಕೆಂದು ಅವರಿಗೂ ಗೊತ್ತಿರಲಾರದು. ಅದು ಕಲ್ಲಿನ ಬಾಯಿಗೆ ಹಿಡಿ ರಾಗಿ ಹಾಕುವ ಜಾಗ. ಮೇಷ್ಟ್ರು ವಯ್ಯಾರಿಯನ್ನು ಕದಿಯದಿದ್ದರೆ ನನಗೆ ಈ ಅಜ್ಜಿಯ ಪದ ಎಲ್ಲಿ ಸಿಗುತ್ತಿತ್ತು?

ಬಾಗಿಲಿಗೆ ಬಂದು ನಿಂತಿದ್ದ ತಮ್ಮ ಸೊಸೆ, ನಿಮ್ಮ ತಾತನ ತಾಯಿಯ ಕಡೆ ತಿರುಗಿ ಅಜ್ಜಿ ಹೇಳಿದರು: "ಬಾಯೂ ಅದೆ, ತೋಳೂ ಅದೆ. ಇನ್ನೇನ್ ನೋಡೀಯೆ, ಒಪ್ಕೊ."

ಮದುವೆಯಾದ ವರ್ಷವೇ ಮನೆಯವರೆಲ್ಲ ಮಂಡ್ಯಕ್ಕೆ ಆ ನಾಟಕ ನೋಡಲು ಹೋದೆವು. ವಯ್ಯಾರಿಯಾಗಿದ್ದವನು ಮೀಸೆ ಬೋಳಿಸಿದ ಗಂಡಸು. ಪಾಪ, ಹಿಡಿ ರಾಗಿ ಹಾಕುವ ಜಾಗದಲ್ಲಿ ನಿಲ್ಲದೆ ಓಡಿಬಿಟ್ಟ. ಪಕ್ಕದಲ್ಲಿ ಅತ್ತೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ರಾಗಿಗೋ, ರಾಮನಿಗೋ, ರಾಜನಿಗೋ ಎಂದು ನಾನು ಕೇಳಲಿಲ್ಲ. ಹೊಸ ಸೊಸೆ ಅಷ್ಟೆಲ್ಲ ಕೇಳಬಾರದು.