ಬೆಂಕಿ ಮಂಕಾದರೆ ಎಣ್ಣೆ ಕಡಿಮೆ

ದೀಪದ ಕುಡಿ ಸಣ್ಣದಾದರೆ ಎಣ್ಣೆ ಹಾಕಬೇಕು. ಇದನ್ನು ಕಲಿಯಲು ಯಾರೂ ಶಾಲೆಗೆ ಹೋಗಬೇಕಾಗಿಲ್ಲ. ನಾನು ಹೋದದ್ದು ಮೂರನೇ ಇಯತ್ತೆಯವರೆಗೆ, ಅಲ್ಲಿ ಇದನ್ನು ಯಾರೂ ಹೇಳಿಕೊಟ್ಟ ನೆನಪಿಲ್ಲ. ಮಹಾನವಮಿಯಲ್ಲಿ ನಮ್ಮ ಮನೆಯಲ್ಲಿ ಘಟ್ಟ ಹಾಕುತ್ತೇವೆ, ಅಂದರೆ ದೇವಿಯ ಘಟ ಕೂರಿಸುತ್ತೇವೆ. ಒಂಬತ್ತು ದಿನ ದೇವರ ಜಗಲಿಯ ದೀಪ ಆರಬಾರದು. ನಾನು ಸೊಸೆಯಾಗಿ ಬಂದ ಮೊದಲ ವರ್ಷವೇ ಅತ್ತೆ ಎಣ್ಣೆಯ ಗಿಂಡಿಯನ್ನು ನನ್ನ ಕೈಗೆ ಕೊಟ್ಟರು. ಅಂದಿನಿಂದ ಒಮ್ಮೆಯೂ ದೀಪ ಆರಲು ಬಿಟ್ಟಿಲ್ಲ. ಕುಡಿ ಕುಂದಿತೋ, ನಾನು ಯೋಚಿಸುವ ಮೊದಲೇ ಕೈ ಗಿಂಡಿಗೆ ಹೋಗಿರುತ್ತದೆ.

ಅದೇ ಕೈ ನನ್ನ ಮೊಮ್ಮಗಳ ಭಟ್ಟಿಯನ್ನು ಕೆಡಿಸಿತು.

ಮೊಮ್ಮಗಳು ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದಿ ಮುಗಿಸಿ ಕಲ್ಲೋಳಿಗೆ ವಾಪಸು ಬಂದಾಗ ನಮ್ಮ ಹಿತ್ತಲಿನ ಕುರಿದೊಡ್ಡಿಯಲ್ಲಿ ಅರ್ಧ ಜಾಗ ಖಾಲಿ ಇತ್ತು. ಕುರಿ ಈಗ ಮೊದಲಿನಷ್ಟಿಲ್ಲ. ಆ ಅರ್ಧವನ್ನು ಬಳಿದು, ಸಾರಿಸಿ, ತನ್ನ ಕಾರ್ಖಾನೆ ಎಂದಳು. ಕಾರ್ಖಾನೆ ಎಂದರೆ ಒಂದು ಮೇಜು, ನಟ್ಟು ತಿರುಗಿಸುವ ಒಂದಿಷ್ಟು ಪಾನಾ, ಒಂದು ರಾಶಿ ಮರಳು. ಹೊರಗೆ ಬೇವಿನ ಗಿಡದ ಬಾಜೂಕ್ಕೆ ಒಂದು ಕಬ್ಬಿಣದ ಡ್ರಮ್ಮು, ಅದರೊಳಗೆ ಬೆಂಕಿಗೆ ಬಿರುಕು ಬಿಡದಂಥ ಮಣ್ಣಿನ ದಪ್ಪ ಗೋಡೆ. ಅದೇ ಭಟ್ಟಿ. ಅದರಲ್ಲಿ ಒಂದು ಕಬ್ಬಿಣದ ಪಾತ್ರೆ ಇಟ್ಟು ಹಳೆಯ ಮೋಟರ್ ಸೈಕಲ್ಲುಗಳ ಪಿಸ್ಟನ್ನು ಕರಗಿಸುತ್ತಾಳೆ. ಕರಗಿದ್ದನ್ನು ಮರಳಿನ ಅಚ್ಚಿಗೆ ಹೊಯ್ದು ಬೇಕಾದ ಸಾಮಾನು ಮಾಡುತ್ತಾಳೆ. ನನ್ನ ಮೊಮ್ಮಗಳು, ನಿನ್ನೆ ಮೊನ್ನೆ ನನ್ನ ಸೆರಗು ಹಿಡಿದು ತಿರುಗಿದವಳು, ಲೋಹವನ್ನು ನೀರು ಮಾಡುತ್ತಾಳೆ! ಮೂಡಲಗಿ ಸಂತೆಯಲ್ಲಿ ಗುರುತಿನವರು ಸಿಕ್ಕರೆ ಸಾಕು, ನಾನು ಬದನೆಕಾಯಿ ಆರಿಸುವುದನ್ನು ಬಿಟ್ಟು ಇದನ್ನೇ ಹೇಳುತ್ತಿದ್ದೆ. ಗುರುತಿಲ್ಲದವರಿಗೂ ಹೇಳಿದ್ದುಂಟು.

ಭಟ್ಟಿಗೆ ಕಟ್ಟಿಗೆ ಬೇಡ, ಕಲ್ಲಿದ್ದಲೂ ಬೇಡ. ಗೋಕಾಕದ ಗ್ಯಾರೇಜುಗಳಲ್ಲಿ ಗಾಡಿಯಿಂದ ಬಸಿದು ತೆಗೆದ ಕರಿ ಎಣ್ಣೆ ಅದರ ಆಹಾರ. ವಾರಕ್ಕೊಮ್ಮೆ ಸ್ಕೂಟರಿಗೆ ಎರಡು ಕ್ಯಾನು ಕಟ್ಟಿಕೊಂಡು ಹೋಗಿ ತರುತ್ತಾಳೆ. ಅದನ್ನು ಎರಡು ದಿನ ಅಲುಗಿಸದೆ ಇಡಬೇಕು, ನೀರು ಮತ್ತು ಮಡ್ಡಿ ತಳಕ್ಕೆ ಕೂರುತ್ತದೆ. ಮೇಲಿನದನ್ನು ಮಾತ್ರ ಹಳೆಯ ಧೋತರದಲ್ಲಿ ಸೋಸಬೇಕು. ಸೋಸುವ ಕೆಲಸ ನನ್ನದು. ಸೋಸಿದ ಎಣ್ಣೆಯ ಕ್ಯಾನನ್ನು ಬೇವಿನ ಕೊಂಬೆಗೆ ತಲೆಯ ಎತ್ತರಕ್ಕೆ ತೂಗುಹಾಕುತ್ತಾಳೆ. ಕ್ಯಾನಿಗೆ ಒಂದು ಸಣ್ಣ ನಳ, ನಳದಿಂದ ತೆಳುವಾದ ತಾಮ್ರದ ಕೊಳವೆ. ಎಣ್ಣೆ ಹನಿಹನಿಯಾಗಿ ಇಳಿದು ದಪ್ಪ ಪೈಪಿನೊಳಗೆ ಬೀಳುತ್ತದೆ, ಫ್ಯಾನಿನ ಗಾಳಿ ಅದನ್ನು ಭಟ್ಟಿಯೊಳಗೆ ಊದುತ್ತದೆ. ಮೊದಲು ಸಗಣಿಯ ಕುಳ್ಳು ಹೊತ್ತಿಸಿ ಭಟ್ಟಿ ಕಾಯಿಸಿ, ಆಮೇಲೆ ನಳ ಬಿಟ್ಟರೆ, ಒಳಗೆ ಹುಲಿ ಗುರುಗುಟ್ಟಿದ ಹಾಗೆ ಸದ್ದು.

ಶಿವರಾತ್ರಿಗೆ ಇನ್ನೂ ಕೆಲವು ದಿನ ಇದ್ದವು. ಬೆಳಿಗ್ಗೆ ಚಳಿ, ಮಧ್ಯಾಹ್ನ ಚುರುಚುರು ಬಿಸಿಲು. ಹುಕ್ಕೇರಿಯಲ್ಲಿ ಹಿಟ್ಟಿನ ಗಿರಣಿ ಇಟ್ಟ ಹಿರಿಯರೊಬ್ಬರು ಒಡೆದ ಪುಲ್ಲಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಪುಲ್ಲಿ ಎಂದರೆ ಗಿರಣಿಯ ಪಟ್ಟಾ ಓಡುವ ಗಾಲಿ. ಅವರ ಯಂತ್ರ ಹಳೆಯದು, ಆ ಅಳತೆಯ ಪುಲ್ಲಿ ಈಗ ಎಲ್ಲೂ ಸಿಗುವುದಿಲ್ಲವಂತೆ. ಇಂಥದ್ದೇ ಒಂದು ಮಾಡಿಕೊಡು ತಂಗಿ ಎಂದು ಮೊಮ್ಮಗಳ ಕೈಗೆ ಕೊಟ್ಟು ಹೋದರು. ಹೊರಗಿನವರು ಅವಳಿಗೆ ಕೊಟ್ಟ ಮೊದಲ ಕೆಲಸ ಅದು.

ಆ ದಿನ ಭಟ್ಟಿ ಚೆನ್ನಾಗಿಯೇ ಹೊತ್ತಿತು. ಪಿಸ್ಟನ್ನುಗಳು ಇನ್ನೇನು ಕರಗುವುದರಲ್ಲಿದ್ದವು. ಗಿರಣಿಯವರ ಫೋನು ಬಂತು ಎಂದು ಮೊಮ್ಮಗಳು ಒಳಗೆ ಹೋದಳು. ಆಯಿ, ಸುಮ್ನ ನೋಡ್ಕೊಂತ ಕೂಡು ಎಂದು ಹೇಳಿಯೇ ಹೋದಳು. ಸುಮ್ಮನೆ ಎಂದರೆ ಮುಟ್ಟಬೇಡ ಎಂದರ್ಥ, ಅಷ್ಟು ನನಗೂ ಗೊತ್ತು. ಆದರೆ ಮುಚ್ಚಳದ ತೂತಿನಿಂದ ಬರುತ್ತಿದ್ದ ಉರಿ ಹಳದಿ ಇದ್ದದ್ದು ಕೆಂಪಾಯಿತು, ಕೆಂಪಿದ್ದದ್ದು ಮಂಕಾಯಿತು, ಅಂಚಿಗೆ ಸ್ವಲ್ಪ ಹೊಗೆಯೂ ಕಂಡಿತು. ಕುಡಿ ಕುಂದುತ್ತಿದೆ ಎಂದು ಅನಿಸಿದ್ದೇ ತಡ, ನನ್ನ ಕೈ ನಳದ ಮೇಲಿತ್ತು. ಅರ್ಧ ಸುತ್ತು ಬಿಟ್ಟೆ. ಬೆಂಕಿ ಏಳಲಿಲ್ಲ. ಇನ್ನೂ ಅರ್ಧ ಸುತ್ತು ಬಿಟ್ಟೆ.

ಭಟ್ಟಿ ಒಮ್ಮೆ ಕೆಮ್ಮಿದ ಹಾಗೆ ಮಾಡಿತು. ಆಮೇಲೆ ಬಂತು ನೋಡಿ ಹೊಗೆ, ಕಂಬಳಿ ಬಿಚ್ಚಿದಷ್ಟು ದಪ್ಪ, ಕಂಬಳಿಯಷ್ಟೇ ಕಪ್ಪು. ಎದ್ದು, ತಿರುಗಿ, ನೆಟ್ಟಗೆ ಬಾಜೂ ಮನೆಯವಳ ಹಗ್ಗದ ಹೊರಸಿನ ಮೇಲೆ ಇಳಿಯಿತು. ಹೊರಸಿನ ಮೇಲೆ ಅವಳು ಬೆಳಿಗ್ಗೆಯಿಂದ ಹೊಸೆದ ಶಾವಿಗೆ ಒಣಹಾಕಿದ್ದಳು. ಮೊಮ್ಮಗಳು ಓಡಿ ಬಂದು ನಳ ಬಂದ್ ಮಾಡುವುದರೊಳಗೆ ಭಟ್ಟಿ ಆರಿತು. ಅರ್ಧ ಕರಗಿದ್ದು ಹೆಪ್ಪುಗಟ್ಟಿತು.

ಬಾಜೂ ಮನೆಯವಳು ಬೈಯಲಿಲ್ಲ. ಬೈದಿದ್ದರೆ ಬೇರೆ ಮಾತು. ಒಂದು ಎಳೆ ಶಾವಿಗೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನಮ್ಮ ಹಿತ್ತಲಿಗೆ ಬಂದು ನನ್ನ ಮುಂದೆ ಹಿಡಿದಳು.

"ಯಕ್ಕಾ, ಇದನ್ನ ಬೆಲ್ಲ ಹಾಕಿ ಉಣ್ಣಲ್ಯೋ, ಕಣ್ಣಿಗೆ ಕಾಡಿಗಿ ಹಚ್ಕೊಳ್ಳಲ್ಯೋ?"

ಸಂಜೆ ನನ್ನ ಮಗ ಹೊಲದಿಂದ ಬಂದ. ಮೊಮ್ಮಗಳ ಅಪ್ಪ. ಭಟ್ಟಿಯ ಬಗ್ಗೆ ಅವನಿಗೆ ಮೊದಲಿಂದಲೂ ಮನಸ್ಸು ಅರ್ಧ. ಶಾವಿಗೆಯ ಸುದ್ದಿ ಅವನಿಗೆ ಓಣಿಯ ತುದಿಯಲ್ಲೇ ತಲುಪಿತ್ತು. ಕೈಕಾಲು ತೊಳೆದು, ರೊಟ್ಟಿ ತಿಂದು, ತಟ್ಟೆ ಸರಿಸಿದ ಮೇಲೆ ಮಗಳಿಗೆ ಹೇಳಿದ: "ಇನ್ನೊಂದ ಸಲ ಹಚ್ಚ. ಒಂದ. ಅದರಾಗೂ ಇಂಥಾ ಹೊಗಿ ಬಂದ್ರ ಡ್ರಮ್ ಮೋಡಕಾದವಗ ಹಾಕ್ತೇನಿ."

ಮೋಡಕಾದವನೆಂದರೆ ಹಳೆ ಕಬ್ಬಿಣ ಕೊಳ್ಳುವವನು. ಮೊಮ್ಮಗಳು ಹೂಂ ಎಂದಳು. ನಾನು ಅಲ್ಲೇ ಕೂತಿದ್ದೆ. ನಳ ಬಿಟ್ಟವಳು ನಾನು ಎಂದು ಹೇಳಲು ಹೊರಟವಳು ಅವನ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಯಾಕೆ ಹೇಳಲಿಲ್ಲವೋ ಈಗಲೂ ತಿಳಿಯದು. ಹೆದರಿಕೆಯೇನೂ ಅಲ್ಲ, ಹೆತ್ತ ಮಗನಿಗೆ ಯಾವ ಹೆದರಿಕೆ? ನಾನು ತಪ್ಪು ಮಾಡಿದೆನೋ ಇಲ್ಲವೋ ಎಂಬುದೇ ನನಗೆ ಖಾತ್ರಿ ಇರಲಿಲ್ಲ. ಉರಿ ಸಣ್ಣದಾಗಿತ್ತು, ಎಣ್ಣೆ ಹಾಕಿದೆ. ಅದರಲ್ಲಿ ತಪ್ಪು ಎಲ್ಲಿ ಬಂತು?

ಮೊಮ್ಮಗಳು ನಳವೇ ಕೆಟ್ಟಿದೆ ಎಂದುಕೊಂಡಳು. ಎರಡು ದಿನ ಅದನ್ನು ಬಿಚ್ಚಿದಳು, ತೊಳೆದಳು, ಊದಿದಳು, ಮತ್ತೆ ಬಿಗಿದಳು. ಕೊಳವೆಯನ್ನು ಬಾಯಿಂದ ಊದಿ ಊದಿ ತುಟಿಯೆಲ್ಲ ಕರಿ. ಮೂರನೇ ದಿನ ಗೋಕಾಕಕ್ಕೆ ಹೋಗಿ ಹೊಸ ನಳ ತಂದಳು. ಕೆಡದೇ ಇದ್ದ ವಸ್ತುವನ್ನು ಅಷ್ಟು ಪ್ರೀತಿಯಿಂದ ರಿಪೇರಿ ಮಾಡುವುದನ್ನು ನೋಡಿಕೊಂಡು ಕೂರುವುದು ನನ್ನಿಂದ ಆಗಲಿಲ್ಲ. ಧೋತರದ ಒಂದು ತುದಿ ಅವಳು ಹಿಡಿದಿದ್ದಳು, ಇನ್ನೊಂದು ತುದಿ ನಾನು. ನಡುವೆ ಎಣ್ಣೆ ಸೋಸುತ್ತಿತ್ತು. ನಳ ಬಿಟ್ಟವಳು ನಾನು ಎಂದು ಅಲ್ಲಿ ಹೇಳಿದೆ.

ಅವಳು ಧೋತರ ಬಿಡಲಿಲ್ಲ, ಆದರೆ ನಗುವುದಕ್ಕೆ ಶುರುಮಾಡಿದಳು. ನಕ್ಕು ನಕ್ಕು ಎಣ್ಣೆ ತುಳುಕಿತು.

"ಆಯಿ, ಎಲ್ಡ ದಿನಾ ನಳಾ ನೆಕ್ಕೇನಿ ನಾ."

"ಉರಿ ಸಣ್ಣಾಗಿತ್ತು ತಂಗಿ."

"ಎಣ್ಣಿ ಹೆಚ್ಚಾಗಿ ಸಣ್ಣಾಗಿತ್ತು. ನಿನ್ನ ಬಾಯಾಗ ಒಮ್ಮೆಲೆ ನಾಕ ರೊಟ್ಟಿ ತುರುಕಿದ್ರ ಉಸರ ಆಡ್ತೇನ? ಹಂಗ ಅದು. ಹೊಗಿ ಬಂತಂದ್ರ ಉಸರ ಸಿಗವಲ್ದು ಅಂತ. ಎಣ್ಣಿ ಕಡಿಮಿ ಮಾಡ್ಬೇಕು."

"ಬೆಂಕಿ ಮಂಕಾದ್ರ ಎಣ್ಣಿ ಕಡಿಮಿ ಮಾಡೂದಾ?"

"ಹೂಂ."

"ಹಂಗಾದ್ರ ದೀಪಕ್ಕ?"

ದೀಪಕ್ಕೆ ಯಾರೂ ಗಾಳಿ ಊದುವುದಿಲ್ಲ, ಬತ್ತಿ ತನಗೆ ಬೇಕಾದಷ್ಟೇ ಎಣ್ಣೆ ಎಳೆದುಕೊಳ್ಳುತ್ತದೆ, ಭಟ್ಟಿಗೆ ಬತ್ತಿಯಿಲ್ಲ, ನಾವು ಕೊಟ್ಟದ್ದನ್ನೆಲ್ಲ ಅದು ನುಂಗಬೇಕು ಎಂದು ಅವಳು ಬಿಡಿಸಿ ಬಿಡಿಸಿ ಹೇಳಿದಳು. ಹೇಳುವಾಗ ತಿಳಿಯಿತು. ಅವಳು ಎದ್ದು ಹೋದಮೇಲೆ ಮತ್ತೆ ಕಲಸಿಕೊಂಡಿತು. ಆದರೂ ಆ ಸಂಜೆ ನನಗೆ ಹಿಡಿಸಲಾರದಷ್ಟು ಹಿಗ್ಗು. ಯಾಕೆಂದರೆ ಏಳುವ ಮುಂಚೆ ಅವಳು ಒಂದು ಮಾತು ಹೇಳಿದ್ದಳು. ಈ ಸಲ ಎಣ್ಣೆಯ ನಳ ನಿನ್ನ ಕೈಯಲ್ಲಿ, ನನ್ನ ಕೈ ಅಚ್ಚಿನ ಕಡೆಗೆ ಬೇಕು ಎಂದು. ಕೆಡಿಸಿದವಳ ಕೈಗೇ ಕೊಟ್ಟಳು.

ಆಖರಿ ಸಲದ ದಿನ ಮಗ ಹೊಲಕ್ಕೆ ಹೋಗಲಿಲ್ಲ. ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಬಾಜೂ ಮನೆಯವಳು ಹೊರಸನ್ನು ಒಂದು ಮೊಳವೂ ಸರಿಸದೆ ಅದೇ ಜಾಗದಲ್ಲಿ ಹಾಕಿ ಹೊಸ ಶಾವಿಗೆ ಹರವಿದಳು, ಸಾಕ್ಷಿಗೆ ಇಟ್ಟಂತೆ. ಭಟ್ಟಿ ಹೊತ್ತಿತು. ಮೊಮ್ಮಗಳು ನಳವನ್ನು ತಿರುಗಿಸಿ, ಹನಿ ನೋಡಿ, ಇಷ್ಟೇ ಇರಲಿ ಎಂದು ನಳದ ಮೇಲೆ ಸುಣ್ಣದಿಂದ ಒಂದು ಗೆರೆ ಎಳೆದಳು. ಹಳದಿ ಉರಿ, ಹೊಗೆಯ ಸುಳಿವಿಲ್ಲ. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತಿದ್ದೆ. ಅವುಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ.

ಹೊತ್ತು ಏರಿತು. ಪಿಸ್ಟನ್ನುಗಳು ಒಂದೊಂದಾಗಿ ಕುಸಿದವು. ಮೊಮ್ಮಗಳು ಬೆನ್ನು ಹಾಕಿ ಮರಳಿನ ಅಚ್ಚು ಸರಿಮಾಡುತ್ತಿದ್ದಳು. ಆಗ ಉರಿ ಕೆಂಪಾಯಿತು. ಅಂಚಿಗೆ ಹೊಗೆ ಮೂಡಿತು.

"ಅವ್ವಾ, ಮುಟ್ಟಿದೇನ?" ಎಂದ ಮಗ.

"ಇಲ್ಲಪಾ."

"ಮತ್ತ ಹೊಗಿ?"

ನಳದ ಗೆರೆ ಇದ್ದಲ್ಲೇ ಇತ್ತು. ಆದರೆ ಮಗನ ಮುಖ ನೋಡಿದರೆ ನಾನು ಮುಟ್ಟಿದ್ದೇನೆ ಎಂದು ಅವನು ತೀರ್ಮಾನಿಸಿ ಆಗಿತ್ತು. ಬಾಜೂ ಮನೆಯವಳು ಹೊರಸಿನ ಹತ್ತಿರ ಬಂದು ನಿಂತಳು. ನನಗೇ ಅನುಮಾನ ಬಂತು, ಗೊತ್ತಿಲ್ಲದೆ ಮುಟ್ಟಿದೆನೇನೋ ಎಂದು. ಮೊಮ್ಮಗಳು ತಿರುಗಿ ನೋಡಿದಳು. ಅವಳ ಕೈಗಳು ಮೊಣಕೈವರೆಗೆ ಅಚ್ಚಿನಲ್ಲಿದ್ದವು, ಬಿಟ್ಟರೆ ಮರಳು ಕುಸಿಯುತ್ತಿತ್ತು.

"ಆಯಿ, ನೀನ ನೋಡು," ಎಂದಳು. ಅಷ್ಟೇ. ಹೀಗೆ ಮಾಡು, ಹಾಗೆ ಮಾಡು ಎನ್ನಲಿಲ್ಲ.

ಎದ್ದೆ, ಕೈ ನಳಕ್ಕೆ ಹೋಯಿತು. ಹೋಗಿದ್ದೇ ಬಿಡುವ ಕಡೆಗೆ ತಿರುಗಲು ನೋಡಿತು. ಅದನ್ನು ಹಿಡಿದು ನಿಲ್ಲಿಸಿದೆ. ಇಷ್ಟು ವರ್ಷ ಒಂದು ದಿಕ್ಕಿಗೆ ತಿರುಗಿದ ಕೈಯನ್ನು ಇನ್ನೊಂದು ದಿಕ್ಕಿಗೆ ತಿರುಗಿಸುವುದೆಂದರೆ, ಹಟ ಹಿಡಿದ ಟಗರನ್ನು ಕೊಂಬು ಹಿಡಿದು ಎಳೆದ ಹಾಗೆ. ಒಂದು ಕೂದಲಷ್ಟು ಬಂದ್ ಮಾಡಿದೆ. ಹೊಗೆ ನಿಲ್ಲಲಿಲ್ಲ. ಮನಸ್ಸು, ನೋಡು ಆರುತ್ತದೆ, ಈಗ ಆರುತ್ತದೆ ಎನ್ನುತ್ತಿತ್ತು. ಇನ್ನೊಂದು ಕೂದಲಷ್ಟು ಬಂದ್ ಮಾಡಿದೆ.

ಹುಲಿ ಮತ್ತೆ ಗುರುಗುಟ್ಟಿತು. ಕೆಂಪು ಹೋಗಿ ಹಳದಿ ಬಂತು. ಎದ್ದಿದ್ದ ಸ್ವಲ್ಪ ಹೊಗೆ ಗೋಡೆ ದಾಟುವ ಮೊದಲೇ ಹರಿದುಹೋಯಿತು. ಎಣ್ಣೆ ಕಡಿಮೆ ಮಾಡಿದೆ, ಬೆಂಕಿ ಹೆಚ್ಚಾಯಿತು. ನನ್ನ ಕಣ್ಣೆದುರಿಗೇ ಆಯಿತು. ಆದರೂ ನಂಬಿಕೆ ಬಾರದು.

ಆದರೆ ಯಾರೂ ಮುಟ್ಟದೆ ಎಣ್ಣೆ ಹೆಚ್ಚಾದದ್ದು ಹೇಗೆ? ಕ್ಯಾನಿನ ಮೇಲೆ ಕೈಯಿಟ್ಟೆ, ಸುಡುತ್ತಿತ್ತು. ಬೆಳಿಗ್ಗೆ ಬೇವಿನ ನೆರಳಲ್ಲಿದ್ದ ಕ್ಯಾನು ಹೊತ್ತು ಏರಿದ ಮೇಲೆ ಬಿಸಿಲಿಗೆ ಬಿದ್ದಿತ್ತು. ಆಗ ನನಗೆ ಕಾಕವಿ, ಅದೇ ಜೋನಿ ಬೆಲ್ಲ, ನೆನಪಾಯಿತು. ಗಾಣದ ಮನೆಯಿಂದ ತಂದ ಕಾಕವಿಯ ಗಡಿಗೆಯನ್ನು ಚಳಿಯ ಬೆಳಿಗ್ಗೆ ಬಗ್ಗಿಸಿದರೆ ರೊಟ್ಟಿಯ ಮೇಲೆ ಒಂದು ಹನಿ ಬೀಳುವುದಿಲ್ಲ. ಅದೇ ಗಡಿಗೆ ಸ್ವಲ್ಪ ಹೊತ್ತು ಬಿಸಿಲಲ್ಲಿದ್ದರೆ ತಟ್ಟೆ ತುಂಬ ಹರಿಯುತ್ತದೆ. ಎಣ್ಣೆಯೂ ಹಾಗೇ ತೆಳುವಾಗಿತ್ತು. ನಳ ಅಷ್ಟೇ, ಗೆರೆ ಅಷ್ಟೇ, ಇಳಿಯುವ ಹನಿ ಮಾತ್ರ ಜಾಸ್ತಿ.

ಒಳಗಿಂದ ಕಂಬಳಿ ತಂದು ಕ್ಯಾನಿನ ಮೇಲೆ ಕೊಂಬೆಗೆ ಕಟ್ಟಿ ನೆರಳು ಮಾಡಿದೆ. ಮೊಮ್ಮಗಳಿಗೆ ಕಾಕವಿಯ ಕತೆ ಹೇಳಿದೆ. ಅವಳು ಅಚ್ಚನ್ನು ಗಟ್ಟಿಮಾಡಿ ಕೈ ತೆಗೆದು, ಬಂದು ಕ್ಯಾನು ಮುಟ್ಟಿ ನೋಡಿದಳು. "ಅವತ್ತ ನೀ ಮುಟ್ಟೂಕಿಂತ ಮೊದಲ ಉರಿ ಯಾಕ ಕುಂದಿತ್ತು ಅಂತ ಮೂರ ದಿನದಿಂದ ತಲಿ ಕೆಡಿಸ್ಕೊಂಡೇನಿ, ಇದು ನನಗ ಹೊಳಿಲಿಲ್ಲ ನೋಡ," ಎಂದಳು. ಅಂದರೆ ಆ ಮೊದಲ ದಿನವೂ ಬಿಸಿಲೇ ಉರಿಯನ್ನು ಮಂಕು ಮಾಡಿತ್ತು, ನಾನು ಅದರ ಮೇಲೆ ಇನ್ನಷ್ಟು ಸುರಿದೆ. ತಪ್ಪು ನನ್ನದೂ ಹೌದು, ಬಿಸಿಲಿನದೂ ಹೌದು. ಯಾರದು ಎಷ್ಟು ಎಂದು ಇಂದಿಗೂ ನನಗೆ ಹಂಚಲು ಬಂದಿಲ್ಲ. ಆದರೆ ಮಗನಿಗೆ ಅಲ್ಲೇ, ಎಲ್ಲರೆದುರಿಗೇ ಹೇಳಿದೆ: "ಅವತ್ತ ನಳಾ ಬಿಟ್ಟಾಕಿ ನಾನಪಾ. ಅಕೀದೇನೂ ತಪ್ಪಿಲ್ಲ." ಅವನು ಸೊಂಟದ ಮೇಲಿನ ಕೈ ಇಳಿಸಿದ.

ಮೊಮ್ಮಗಳು ಇಕ್ಕಳದಲ್ಲಿ ಪಾತ್ರೆ ಎತ್ತಿ ಅಚ್ಚಿಗೆ ಹೊಯ್ದಳು. ಬೆಳ್ಳಿಯ ಹಾಲು. ತಣ್ಣಗಾಗುವವರೆಗೆ ಕಾಯುವುದು ಅವಳಿಗಿಂತ ನನಗೇ ಕಷ್ಟವಾಯಿತು. ಮರಳು ಒಡೆದಾಗ ಒಳಗೆ ಪುಲ್ಲಿ ಇತ್ತು, ಸಂಪೂರ್ಣ, ಒಂದು ಅಂಚಿಗೆ ಮಾತ್ರ ಸಾಸಿವೆಯಷ್ಟು ಕುಳಿ. ಬಾಜೂ ಮನೆಯವಳು ಶಾವಿಗೆಯನ್ನು ಕೈಯಲ್ಲಿ ಮೇಲೆ ಕೆಳಗೆ ಮಾಡಿ, ಬೆಳ್ಳಗೇ ಇದೆ ಎಂದು ಒಪ್ಪಿಕೊಂಡು, ಸ್ವಲ್ಪ ಬೇಜಾರಿನಲ್ಲಿಯೇ ಒಳಗೆ ಹೋದಳು.

ನಡುವಿನ ತೂತನ್ನು ಗೋಕಾಕದಲ್ಲಿ ಲೇಥಿನ ಮೇಲೆ ಸರಿಮಾಡಿಸಿ, ಅವಳು ಪುಲ್ಲಿಯನ್ನು ಹುಕ್ಕೇರಿಗೆ ಒಯ್ದಳು. ನಾನೂ ಸ್ಕೂಟರಿನ ಹಿಂದೆ ಕೂತು ಹೋದೆ, ಪುಲ್ಲಿ ನನ್ನ ಮಡಿಲಲ್ಲಿ. ಗಿರಣಿ ತಿರುಗಿತು. ಹಿಟ್ಟು ಬಿತ್ತು. ಅಲ್ಲಿ ಜೋಳ ಬೀಸಿಸಲು ಬಂದ ಹೆಂಗಸರಿಗೆಲ್ಲ ಎಣ್ಣೆ ಬಿಟ್ಟವಳು ನಾನು ಎಂದು ಹೇಳಿದೆ. ಯಾವ ಎಣ್ಣೆ ಎಂದು ಅವರಿಗೆ ತಿಳಿಯಲಿಲ್ಲ. ನನಗೆ ಬಿಡಿಸಿ ಹೇಳಲೂ ಬರಲಿಲ್ಲ. ನಾವು ಮನೆಗೆ ಬರುವುದರೊಳಗೆ ನನ್ನ ಮಗ ಬೇವಿನ ಗಿಡದ ಕೆಳಗೆ ನಾಲ್ಕು ಕಂಬ ನೆಟ್ಟು, ಎಣ್ಣೆಯ ಕ್ಯಾನಿಗೆ ತಗಡಿನ ಚಪ್ಪರ ಹಾಕಿ ಮುಗಿಸಿದ್ದ. ನನ್ನ ಕಂಬಳಿಯನ್ನು ಜಾಡಿಸಿ ಮಡಚಿ ನನ್ನ ಕೈಗೆ ಕೊಟ್ಟ.

ಮಹಾನವಮಿ ಬಂತು. ಘಟ್ಟ ಹಾಕಿದೆವು. ಎರಡನೇ ದಿನ ಮಧ್ಯಾಹ್ನ ದೀಪದ ಕುಡಿ ಕುಂದಿತು. ಗಿಂಡಿ ಹಿಡಿದ ಕೈ ಅರ್ಧ ದಾರಿಯಲ್ಲಿ ನಿಂತಿತು. ಹಾಕಬೇಕೋ, ತೆಗೆಯಬೇಕೋ? ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಕೈಗೆ ದಾರಿ ಗೊತ್ತಾಗಲಿಲ್ಲ. ಹಿಂದಿನಿಂದ ಮೊಮ್ಮಗಳ ದನಿ ಬಂತು.

"ಆಯಿ, ಅದಕ್ಕ ಹಾಕ್ಬೇಕು."