ಅಕ್ಕನಿಗೆ ಮಾತ್ರ ದಪ್ಪಕ್ಷರ

ಸ್ನೇಹಿತರೇ, ಇವತ್ತು ಕಾಮಾಕ್ಷಿಪಾಳ್ಯದ ಪ್ರೆಸ್ಸಿನಲ್ಲಿ ಜಗಳವಾಡಿ ಬಂದೆ. ಮಗಳ ಲಗ್ನಪತ್ರಿಕೆಗೆ ನಾನು ಆರಿಸಿದ್ದು ನನ್ನ ಮದುವೆ ಪತ್ರಿಕೆಯಲ್ಲಿದ್ದ ಅದೇ ತೆಳು ದುಂಡಕ್ಷರ. ಒಂದೊಂದು ಅಕ್ಷರದ ಹೊಟ್ಟೆಯಲ್ಲೂ ಗಾಳಿಯಾಡುವಷ್ಟು ಜಾಗ! ಪ್ರೂಫ್ ನೋಡಿದರೆ, ಕೊನೆಯಲ್ಲಿದ್ದ ನಮ್ಮಕ್ಕ ಪುಟ್ಟತಾಯಮ್ಮನ ಹೆಸರು ಮಾತ್ರ ಹರಾಜು ನೋಟೀಸಿನಂಥ ದಪ್ಪಕ್ಷರದಲ್ಲಿ.

"ಏನ್ರೀ ಇದು ಅನ್ಯಾಯ?" ಎಂದೆ.

"ನಿಮ್ಮನೆ ಹೆಂಗಸರ ಹೆಸರೆಲ್ಲ ‘ಮ್ಮ’ನೇ ಸಾರ್. ಕೊನೇ ಹೆಸರಿಗೆ ಬರೋ ಹೊತ್ತಿಗೆ ತೆಳು ಮೊಳೆಯಲ್ಲಿ ‘ಮ್ಮ’ ಖಾಲಿ," ಎಂದ ಅಚ್ಚುಮೊಳೆ ಜೋಡಿಸುವವನು. "ಒಂದು ಹೆಸರು ತೆಗೀರಿ, ಇಲ್ಲ ಎಲ್ಲಾನೂ ದಪ್ಪ ಮಾಡ್ತೀನಿ."

ಜೊತೆಗೇ ಬಂದಿದ್ದ ಅಕ್ಕ ಕನ್ನಡಕ ಏರಿಸಿ ನೋಡಿದಳು. "ಓದೋಕಾಗೋದು ನನ್ನ ಹೆಸರೊಂದೇ ಕಣೋ. ಹೀಗೇ ಇರ್ಲಿ."

ಪತ್ರಿಕೆ ಅಚ್ಚಿಗೆ ಹೋಯಿತು. ನನ್ನ ದುಂಡಕ್ಷರ ಉಳಿಯಿತು. "ನಮ್ಮ ಹೆಸರೇಕೆ ಸಣ್ಣಗಿದೆ?" ಎನ್ನುವ ಉಳಿದ ಅಮ್ಮಂದಿರಿಗೆ ಅಕ್ಕನೇ ಉತ್ತರ ಕೊಡಲಿ.